ದನಗಳ ಜಾತ್ರೆಯೂ ತಳಿಶಾಸ್ತ್ರವೂ

ಸುರಪುರಕ್ಕೆ ಸಮೀಪದ ಬೋನಾಳದ ಕೆರೆಯ ದಂಡೆಯಲ್ಲಿ ಚಳಿಗಾಲದ ಒಂದು ಬೆಳಗ್ಗೆ ನಿಂತು ನೋಡಿದರೆ ಎರಡು ಬಗೆಯ ಕೂಟಗಳು ನಮ್ಮ ಕಣ್ಣಿಗೆ ಬೀಳುತ್ತವೆ. ನೀರಿನ ಮೇಲೆ ದೂರದೇಶಗಳಿಂದ ಬಂದ ಹಕ್ಕಿಗಳ ಕೂಟ. ದಂಡೆಯ ಹುಲ್ಲಿನ ಮೇಲೆ ಕುರಿದನಗಳ ಕೂಟ. ಸುರಪುರದ ನಾಯಕ ಅರಸರ ಕಾಲದ್ದೆಂದು ಹೇಳಲಾಗುವ ಈ ಕೆರೆ ಹತ್ತೊಂಬತ್ತನೆಯ ಶತಮಾನದಲ್ಲಿ, ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರನ ಕಾಲದಲ್ಲಿ ಸುಧಾರಣೆ ಹೊಂದಿತು. ಇಂದು ಪಕ್ಷಿಪ್ರಿಯರು ಇದನ್ನು ಪಕ್ಷಿಧಾಮವೆಂದೇ ಬಲ್ಲರು. ಹಕ್ಕಿಗಳು ವರ್ಷಕ್ಕೊಮ್ಮೆ ಒಂದೆಡೆ ಕೂಡುವುದನ್ನು ವಿಜ್ಞಾನಿಗಳು ಆಸಕ್ತಿಯಿಂದ ಅಭ್ಯಾಸ ಮಾಡಿದ್ದಾರೆ. ಅದೇ ಋತುವಿನಲ್ಲಿ, ಅದೇ ಸೀಮೆಯಲ್ಲಿ, ದನಕರುಗಳೂ ಅವುಗಳನ್ನು ಸಾಕಿದವರೂ ವರ್ಷಕ್ಕೊಮ್ಮೆ ಕೂಡುವ ಜಾತ್ರೆಗಳು ಮಾತ್ರ ನಮ್ಮ ವಿದ್ಯಾರ್ಥಿಗಳಿಗೆ ಕೇವಲ ಗದ್ದಲ, ಧೂಳು, ಬೆಂಡುಬತ್ತಾಸುಗಳ ನೆನಪಾಗಿ ಉಳಿದಿವೆ. ಈ ಜಾತ್ರೆಗಳ ಒಳಗೆ ಅಡಗಿರುವ ಜೀವಶಾಸ್ತ್ರವನ್ನು ಈ ಲೇಖನದಲ್ಲಿ ನೋಡೋಣ.

ಜಾತ್ರೆಯ ಕಾಲ, ಜಾತ್ರೆಯ ತಾಣ

ಉತ್ತರ ಕರ್ನಾಟಕದ ದೊಡ್ಡ ಜಾತ್ರೆಗಳಲ್ಲಿ ಹಲವು ಸಂಕ್ರಾಂತಿಗೂ ಯುಗಾದಿಗೂ ನಡುವೆ ಬರುತ್ತವೆ. ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಯದು. ಅದರೊಡನೆ ನಡೆಯುವ ದನಗಳ ಜಾತ್ರೆ ನಾಡಿಗೆಲ್ಲ ಪ್ರಸಿದ್ಧವಾದುದು. ಯಾದಗಿರಿಯ ಸಮೀಪದ ಮೈಲಾಪುರದಲ್ಲಿ ಮೈಲಾರಲಿಂಗೇಶ್ವರನ ಜಾತ್ರೆಯೂ ಸಂಕ್ರಾಂತಿಯಂದೇ ನಡೆದು, ಕುರಿಗಾರರನ್ನು ದೊಡ್ಡ ಸಂಖ್ಯೆಯಲ್ಲಿ ಸೆಳೆಯುತ್ತದೆ. ಹರಕೆಯ ಕುರಿಮರಿಗಳನ್ನು ದೇವರ ಪಲ್ಲಕ್ಕಿಯ ಮೇಲೆ ಎಸೆಯುವ ರೂಢಿ ಅಲ್ಲಿ ಹಿಂದಿನಿಂದ ಇತ್ತು. ಎಳೆಯ ಮರಿಗಳು ಜನಜಂಗುಳಿಯಲ್ಲಿ ಸಿಕ್ಕಿ ನೋಯುವುದನ್ನು ಕಂಡು ಜಿಲ್ಲಾಡಳಿತ ಅದನ್ನು ನಿಷೇಧಿಸಿತು. ದಾರಿಯಲ್ಲಿ ತಪಾಸಣೆಯ ಠಾಣೆಗಳನ್ನಿರಿಸಿ ಮರಿಗಳನ್ನು ತಡೆಯುವ ಏರ್ಪಾಟನ್ನೂ ಮಾಡಿತು. ಹಳೆಯ ಮೈಸೂರಿನ ಕಡೆಗೆ ಹೋದರೆ ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಸಿದ್ಧಗಂಗೆ ಮೊದಲಾದ ಕಡೆಗಳಲ್ಲಿ ನಡೆಯುವ ದನಗಳ ಜಾತ್ರೆಗಳೂ ಚಳಿಗಾಲ ಮತ್ತು ಶಿವರಾತ್ರಿಯ ಆಸುಪಾಸಿನವೇ.

ಇಷ್ಟು ಜಾತ್ರೆಗಳು ವರ್ಷದ ಒಂದೇ ಭಾಗದಲ್ಲಿ ಬರುವುದು ಬರಿಯ ಆಕಸ್ಮಿಕವೆ? ಅಲ್ಲವೆಂದು ರೈತನ ಪಂಚಾಂಗವನ್ನು ನೋಡಿದರೆ ತಿಳಿಯುತ್ತದೆ. ಮುಂಗಾರಿನ ಪೈರು ಮನೆಗೆ ಬಂದಿರುತ್ತದೆ. ಎರೆಭೂಮಿಯ ಹಿಂಗಾರಿ ಜೋಳ ಕೊಯ್ಲಿಗೆ ಬರುತ್ತಿರುತ್ತದೆ. ಕೈಯಲ್ಲಿ ಹಣವೂ ಬಣವೆಯಲ್ಲಿ ಕಣಿಕೆಯೂ ಇರುವ ಕಾಲ ಅದು. ಎತ್ತುಗಳಿಗೆ ಕೆಲಸ ಕಡಿಮೆ. ಮುಂದಿನ ಮುಂಗಾರಿಗೆ ಮೊದಲು ಹೊಸ ಜೋಡಿಯನ್ನು ಪಳಗಿಸಿಕೊಳ್ಳಲು ಮೂರು ನಾಲ್ಕು ತಿಂಗಳ ಬಿಡುವೂ ದೊರೆಯುತ್ತದೆ. ಮಳೆಯಿಲ್ಲದ ಕಾರಣ ದನಗಳು ಬಯಲಿನಲ್ಲಿ ತಂಗಬಹುದು. ಮಳೆಗಾಲದಲ್ಲಿ ಹೆಚ್ಚುವ ಸೊಳ್ಳೆ ನೊಣಗಳ ಕಾಟವೂ ಅಷ್ಟಿರದು.

ತಾಣದ ಆಯ್ಕೆಗೂ ಇಂಥದೇ ಕಾರಣವುಂಟು. ಒಂದು ಸಣ್ಣ ಲೆಕ್ಕ ಮಾಡೋಣ. 320 ಕಿಲೋಗ್ರಾಂ ತೂಗುವ ಎತ್ತು ದಿನಕ್ಕೆ ತನ್ನ ತೂಕದ ಶೇಕಡಾ 2.5ರಷ್ಟು, ಎಂದರೆ 8 ಕಿಲೋಗ್ರಾಂ, ಒಣಮೇವನ್ನು ತಿನ್ನುತ್ತದೆ ಎನ್ನೋಣ. ದಿನಕ್ಕೆ ಸುಮಾರು 40 ಲೀಟರ್ ನೀರನ್ನು ಕುಡಿಯುತ್ತದೆ ಎನ್ನೋಣ. ಜಾತ್ರೆಗೆ ಒಂದು ಸಾವಿರ ಜೋಡಿ ಎತ್ತು ಬಂದರೆ ದಿನವೊಂದಕ್ಕೆ 16 ಟನ್ ಮೇವೂ 80,000 ಲೀಟರ್ ನೀರೂ ಬೇಕು. ಐದು ದಿನಗಳ ಜಾತ್ರೆಗೆ 80 ಟನ್ ಮೇವು! ಆದುದರಿಂದ ದೊಡ್ಡ ಕೆರೆ, ಹೊಳೆ ಅಥವಾ ಹಳ್ಳದ ಆಸರೆಯೂ ವಿಶಾಲವಾದ ಹುಲ್ಲುಬಯಲೂ ಇಲ್ಲದ ಕಡೆ ದನಗಳ ಜಾತ್ರೆ ನಿಲ್ಲಲಾರದು. ನಮ್ಮ ಹಿರಿಯರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದಿರಲಾರರು. ಆದರೆ ನೀರು ಮೇವು ಸಾಲದ ತಾಣವನ್ನು ದನಗಳೇ ಒಪ್ಪುವುದಿಲ್ಲ.

ಕಣ್ಣಿನ ಪರೀಕ್ಷೆ

ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವವನ ನಡವಳಿಕೆಯನ್ನು ಗಮನಿಸಿರಿ. ಅವನು ಮೊದಲು ದೂರದಲ್ಲಿ ನಿಂತು ಇಡಿಯ ಆಕಾರವನ್ನು ನೋಡುತ್ತಾನೆ. ಬಳಿಕ ಹತ್ತಿರ ಬಂದು ಬಾಯನ್ನು ಬಿಡಿಸಿ ಹಲ್ಲನ್ನು ನೋಡುತ್ತಾನೆ. ಕಾಲುಗಳ ನೇರವನ್ನೂ ಗೊರಸಿನ ಕೂಡಿಕೆಯನ್ನೂ ಪರೀಕ್ಷಿಸುತ್ತಾನೆ. ಹೆಗಲ ಮೇಲೆ ಕೈಯಾಡಿಸುತ್ತಾನೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲಷ್ಟೆ ದಲ್ಲಾಳಿಯ ಕೈ ವಸ್ತ್ರದ ಮರೆಯಲ್ಲಿ ಸೇರಿ, ಬೆರಳುಗಳ ಭಾಷೆಯಲ್ಲಿ ಬೆಲೆಯ ಮಾತು ನಡೆಯುತ್ತದೆ.

ಇವುಗಳಲ್ಲಿ ಹಲ್ಲಿನ ಪರೀಕ್ಷೆ ಪೂರ್ಣವಾಗಿ ಶಾಸ್ತ್ರೀಯವಾದುದು. ದನ ಕುರಿಗಳ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಕೆಳದವಡೆಯಲ್ಲಿ ಎಂಟು ಬಾಚಿಹಲ್ಲುಗಳಿರುತ್ತವೆ. ಎಳೆತನದ ಹಾಲುಹಲ್ಲುಗಳು ಬಿದ್ದು, ನಡುವಿನಿಂದ ಆರಂಭವಾಗಿ ಎರಡೆರಡರಂತೆ ದೊಡ್ಡ ಹಲ್ಲುಗಳು ಮೂಡುತ್ತವೆ. ದನಕ್ಕೆ ಎರಡು ಹಲ್ಲು ಬರುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ನಾಲ್ಕು ಹಲ್ಲು ಮೂರು ವರ್ಷದ ಆಸುಪಾಸಿನಲ್ಲಿ. ಎಂಟೂ ಹಲ್ಲು ಬಂದು ‘ಬಾಯಿ ಕೂಡುವುದು’ ನಾಲ್ಕೂವರೆ ಐದು ವರ್ಷಕ್ಕೆ. ಕುರಿಗೆ ಈ ಕ್ರಮ ಇನ್ನಷ್ಟು ಬೇಗ: ಒಂದರಿಂದ ಒಂದೂವರೆ ವರ್ಷದೊಳಗೆ ಎರಡು ಹಲ್ಲು, ನಾಲ್ಕು ವರ್ಷದ ಹೊತ್ತಿಗೆ ಬಾಯಿ ಕೂಡಿರುತ್ತದೆ. ಮೇವಿನ ಗುಣವನ್ನೂ ತಳಿಯನ್ನೂ ಅನುಸರಿಸಿ ಕೆಲವು ತಿಂಗಳು ಹೆಚ್ಚು ಕಡಿಮೆಯಾಗಬಹುದು. ಜನನದ ದಾಖಲೆಯಿಲ್ಲದ ಪ್ರಾಣಿಯ ವಯಸ್ಸನ್ನು ತಿಳಿಯಲು ಪಶುವೈದ್ಯನೂ ಇದನ್ನೇ ನೋಡುತ್ತಾನೆ.

ಕಾಲು, ಗೊರಸು, ನಡಿಗೆಗಳ ಪರೀಕ್ಷೆಯೂ ಸಾರ್ಥಕವಾದುದೇ. ಆದರೆ ಮೈಮೇಲಿನ ಸುಳಿಗಳ ಶುಭಾಶುಭ ವಿಚಾರವನ್ನು ಇವುಗಳ ಸಾಲಿನಲ್ಲಿ ಸೇರಿಸಲಾಗದು. ಕೂದಲು ಬೆಳೆಯುವ ದಿಕ್ಕಿನಿಂದ ಸುಳಿ ಉಂಟಾಗುತ್ತದೆ; ಅದು ಮನೆಯ ಯಜಮಾನನ ಆಯುಷ್ಯವನ್ನು ನಿರ್ಧರಿಸುವುದಿಲ್ಲ. ಒಳ್ಳೆಯ ಎತ್ತು ಕೇವಲ ಸುಳಿಯ ದೋಷದಿಂದ ಅರ್ಧ ಬೆಲೆಗೆ ಹೋದರೆ ಅದನ್ನು ಸಾಕಿದವನ ಶ್ರಮಕ್ಕೆ ಅನ್ಯಾಯವಾಗುತ್ತದೆ. ಅಷ್ಟೇ ಅಲ್ಲ, ಆಯ್ಕೆಯೆಂಬ ಕ್ರಿಯೆಯೇ ದಾರಿ ತಪ್ಪುತ್ತದೆ. ಏಕೆಂಬುದನ್ನು ಈಗ ನೋಡೋಣ.

ಎತ್ತು ಎಂಬ ಸಾಕ್ಷಿ

ಜಾತ್ರೆಗೆ ಬರುವ ಎತ್ತುಗಳಲ್ಲಿ ಹೆಚ್ಚಿನವು ಬೀಜ ಒಡೆಸಿದವು. ಅವು ಸಂತಾನವನ್ನು ಪಡೆಯಲಾರವು. ಹಾಗಾದರೆ ಎತ್ತುಗಳ ವ್ಯಾಪಾರದಿಂದ ತಳಿ ಹೇಗೆ ಸುಧಾರಿಸೀತು ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ಉತ್ತರ ಹೀಗಿದೆ: ಎತ್ತು ತಾನು ತಂದೆಯಾಗದಿದ್ದರೂ ತನ್ನ ತಂದೆಯ ಗುಣಕ್ಕೆ ಸಾಕ್ಷಿಯಾಗಿದೆ. ಪ್ರತಿಯೊಂದು ಕರುವೂ ತನ್ನ ಆನುವಂಶಿಕ ದ್ರವ್ಯದ ಅರ್ಧವನ್ನು ಹೋರಿಯಿಂದಲೂ ಅರ್ಧವನ್ನು ಹಸುವಿನಿಂದಲೂ ಪಡೆಯುತ್ತದೆ. ಒಂದೇ ಹೋರಿಯ ಹಲವು ಕರುಗಳು ಬೆಳೆದು ಒಳ್ಳೆಯ ಎತ್ತುಗಳಾಗಿ ಜಾತ್ರೆಯಲ್ಲಿ ಹೆಚ್ಚು ಬೆಲೆಗೆ ಹೋದವೆಂದರೆ ಆ ಹೋರಿ ಯಾವ ಊರಿನದು, ಯಾರ ಮನೆಯದು ಎಂಬ ಮಾತು ಹುಟ್ಟುತ್ತದೆ. ಮರುವರ್ಷ ಸುತ್ತಿನ ಹಸುಗಳು ಆ ಹೋರಿಯ ಬಳಿಗೆ ಹೋಗುತ್ತವೆ. ಸಂತಾನವನ್ನು ನೋಡಿ ತಂದೆಯನ್ನು ಅಳೆಯುವ ಈ ಕ್ರಮಕ್ಕೆ ತಳಿಶಾಸ್ತ್ರದಲ್ಲಿ ಸಂತಾನ ಪರೀಕ್ಷೆಯೆಂದು ಹೆಸರು. ಹೀಗೆ ಜಾತ್ರೆಯ ಬೆಲೆಯೇ ಗುಣವನ್ನು ಅಳೆಯುವ ತಕ್ಕಡಿಯಾಗಿತ್ತು. ಸುಳಿಯಂಥ ಸಂಬಂಧವಿಲ್ಲದ ಲಕ್ಷಣ ಬೆಲೆಯನ್ನು ಏರಿಳಿಸಿದಾಗ ತಕ್ಕಡಿಯಲ್ಲಿ ಕಳ್ಳತೂಕ ಹಾಕಿದಂತಾಗುತ್ತದೆ.

ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ರಾಬರ್ಟ್ ಬೇಕ್‌ವೆಲ್ (1725–1795) ಎಂಬ ರೈತ ಇದೇ ತತ್ವವನ್ನು ಉದ್ದೇಶಪೂರ್ವಕವಾಗಿ ಬಳಸಿದನು. ಲೆಸ್ಟರ್ ಪ್ರಾಂತದ ಡಿಷ್ಲಿಯಲ್ಲಿದ್ದ ಅವನು ತನ್ನ ಟಗರುಗಳನ್ನು ಮಾರುತ್ತಿರಲಿಲ್ಲ. ಒಂದೊಂದು ಋತುವಿಗೆ ಬಾಡಿಗೆಗೆ ಕೊಡುತ್ತಿದ್ದನು. ಅವು ಬೇರೆ ಬೇರೆ ಮಂದೆಗಳಲ್ಲಿ ಎಂಥ ಮರಿಗಳನ್ನು ಕೊಟ್ಟವೆಂಬುದನ್ನು ನೋಡಿ, ಉತ್ತಮವಾದ ಟಗರನ್ನು ತನ್ನ ಮಂದೆಗೆ ಮರಳಿ ತರುತ್ತಿದ್ದನು. ಮುಂದೆ 1838ರಲ್ಲಿ ಸ್ಥಾಪಿತವಾದ ಇಂಗ್ಲೆಂಡಿನ ಕೃಷಿಸಂಘ 1839ರಲ್ಲಿ ಆಕ್ಸ್‌ಫರ್ಡಿನಲ್ಲಿ ತನ್ನ ಮೊದಲ ಪ್ರದರ್ಶನವನ್ನು ನಡೆಸಿತು. ನಾಡಿನ ಪಶುಪಾಲಕರು ವರ್ಷಕ್ಕೊಮ್ಮೆ ಕೂಡಿ ಒಬ್ಬರ ಪ್ರಾಣಿಯನ್ನು ಇನ್ನೊಬ್ಬರು ಹೋಲಿಸಿ ನೋಡುವ ಪದ್ಧತಿ ಅಲ್ಲಿ ಹೀಗೆ ಸಂಸ್ಥೆಯ ರೂಪವನ್ನು ತಾಳಿತು.

ನಮ್ಮ ಕೃಷ್ಣಾತೀರದಲ್ಲೂ ಇಂಥ ಉದಾಹರಣೆಯಿದೆ. ಎರೆಮಣ್ಣು ನೆನೆದರೆ ಅಂಟಾಗುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಅದನ್ನು ಉಳಲು ಅಸಾಧಾರಣ ಬಲವುಳ್ಳ ಎತ್ತು ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗುಜರಾತಿನ ಗೀರ್, ಆಂಧ್ರದ ಓಂಗೋಲು ಮೊದಲಾದ ತಳಿಗಳ ಹೋರಿಗಳನ್ನು ತರಿಸಿ ಸ್ಥಳೀಯ ದನಗಳೊಡನೆ ಕೂಡಿಸಿದರು. ಅದರಿಂದ ರೂಪುಗೊಂಡದ್ದೇ ಕೃಷ್ಣಾ ಕಣಿವೆಯ ತಳಿ. ಅರಸರು ಆರಂಭಿಸಿದ ಕೆಲಸವನ್ನು ಮುಂದುವರಿಸಿದವರು ರೈತರು. ಅವರು ಒಬ್ಬರನ್ನೊಬ್ಬರು ಕಂಡು, ದನವನ್ನು ದನದೊಡನೆ ಹೋಲಿಸಿ, ಬೇಕಾದುದನ್ನು ಆರಿಸುತ್ತಿದ್ದ ಸ್ಥಳಗಳಲ್ಲಿ ಜಾತ್ರೆಯೂ ಒಂದು.

ಮಂದೆಗಳ ಗಣಿತ

ಕುರಿಯ ವಿಷಯಕ್ಕೆ ಬಂದರೆ ಜಾತ್ರೆ ಸಂತೆಗಳ ಮಹತ್ವ ಇನ್ನೊಂದು ಬಗೆಯಲ್ಲಿ ತೋರುತ್ತದೆ. ಈ ಸೀಮೆಯಲ್ಲಿ ಕಂಬಳಿಯ ಉಣ್ಣೆಗೆ ಹೆಸರಾದ ಕಪ್ಪು ದಖ್ಖನಿ ಕುರಿಯಿದೆ. ರಾಯಚೂರಿನ ಕಡೆಯಿಂದ ಹರಡಿದ, ಮಾಂಸಕ್ಕಾಗಿ ಸಾಕುವ ಕೆಂಗಂದು ಬಣ್ಣದ ಕೆಂಗುರಿಯಿದೆ. ಮಂದೆಯಲ್ಲಿ ಕುರಿಗಳು ನೂರಾರು ಇದ್ದರೂ ಟಗರುಗಳು ಕೆಲವೇ. ಮೂವತ್ತು ನಲವತ್ತು ಕುರಿಗಳಿಗೆ ಒಂದು ಟಗರು ಸಾಕಾಗುತ್ತದೆ. ಹೀಗಾಗಿ ಮುಂದಿನ ತಲೆಮಾರಿನ ಅರ್ಧ ಗುಣಗಳು ಆ ಕೆಲವೇ ಟಗರುಗಳಿಂದ ಬರುತ್ತವೆ.

ಈಗ ಒಬ್ಬ ಕುರಿಗಾರ ಹೊರಗಿನ ಟಗರನ್ನು ಎಂದೂ ತರದೆ ತನ್ನ ಮಂದೆಯಲ್ಲಿ ಹುಟ್ಟಿದ ಟಗರನ್ನೇ ಬಳಸುತ್ತ ಹೋದನೆಂದು ಭಾವಿಸೋಣ. ಕೆಲವು ವರ್ಷಗಳಲ್ಲಿ ಅಣ್ಣತಂಗಿಯರು, ತಂದೆಮಕ್ಕಳು ಕೂಡುವುದು ಅನಿವಾರ್ಯವಾಗುತ್ತದೆ. ಇದಕ್ಕೆ ಅಂತಃಪ್ರಜನನವೆಂದು ಹೆಸರು. ಪ್ರತಿಯೊಂದು ಜೀವಿಯಲ್ಲೂ ಕೆಲವು ಕೆಟ್ಟ ಗುಣಗಳು ಒಂದೇ ಪಾಲಾಗಿ ಅಡಗಿರುತ್ತವೆ. ಜೊತೆಯ ಒಳ್ಳೆಯ ಪಾಲು ಅವನ್ನು ಮುಚ್ಚಿರುತ್ತದೆ. ಸಂಬಂಧಿಗಳು ಕೂಡಿದಾಗ ಅದೇ ಕೆಟ್ಟ ಪಾಲು ಎರಡು ಕಡೆಯಿಂದಲೂ ಬಂದು ಮರಿಯಲ್ಲಿ ಪ್ರಕಟವಾಗುವ ಸಂಭವ ಹೆಚ್ಚುತ್ತದೆ. ಮರಿಗಳು ಬಲಹೀನವಾಗುತ್ತವೆ, ಸಾವು ಹೆಚ್ಚುತ್ತದೆ, ಗಬ್ಬ ಕಟ್ಟುವುದು ಕಡಿಮೆಯಾಗುತ್ತದೆ.

ಇದನ್ನು ಎಣಿಸುವ ಸೂತ್ರವನ್ನು ಅಮೆರಿಕದ ಸ್ಯೂವಲ್ ರೈಟ್ ಎಂಬ ತಳಿಶಾಸ್ತ್ರಜ್ಞ 1931ರಲ್ಲಿ ಪ್ರಕಟಿಸಿದನು. ಅವನು ಅದಕ್ಕೆ ಮೊದಲು ಹತ್ತು ವರ್ಷ ಆ ದೇಶದ ಕೃಷಿ ಇಲಾಖೆಯಲ್ಲಿದ್ದು ಗಿನಿಯಿಲಿಗಳ ಅಂತಃಪ್ರಜನನವನ್ನು ಅಭ್ಯಾಸ ಮಾಡಿದ್ದನು. ಸೂತ್ರ ಸರಳವಾದುದು. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದುದನ್ನು ಗಂಡು ಹೆಣ್ಣುಗಳ ಮೊತ್ತದಿಂದ ಭಾಗಿಸಬೇಕು. ದೊರೆಯುವ ಉತ್ತರ ಆ ಮಂದೆಯ ‘ಪರಿಣಾಮಕಾರಿ ಸಂಖ್ಯೆ’. ಅದರ ಇಮ್ಮಡಿಯಿಂದ ಒಂದನ್ನು ಭಾಗಿಸಿದರೆ, ಪ್ರತಿ ತಲೆಮಾರಿಗೂ ಅಂತಃಪ್ರಜನನ ಎಷ್ಟು ಹೆಚ್ಚುತ್ತದೆಂಬುದು ತಿಳಿಯುತ್ತದೆ.

ಮಂದೆಯಲ್ಲಿ 5 ಟಗರು, 200 ಕುರಿಗಳಿವೆ ಎನ್ನೋಣ. 4×5×200 ಎಂದರೆ 4,000. ಅದನ್ನು 205ರಿಂದ ಭಾಗಿಸಿದರೆ ಸುಮಾರು 19.5. ಕಣ್ಣಿಗೆ 205 ಪ್ರಾಣಿಗಳು ಕಂಡರೂ ತಳಿಶಾಸ್ತ್ರದ ದೃಷ್ಟಿಯಿಂದ ಅದು ಇಪ್ಪತ್ತೇ ಪ್ರಾಣಿಗಳ ಮಂದೆ! ಪ್ರತಿ ತಲೆಮಾರಿಗೂ ಅಂತಃಪ್ರಜನನ ಶೇಕಡಾ 2.6ರಷ್ಟು ಏರುತ್ತದೆ. ಹತ್ತು ತಲೆಮಾರುಗಳಲ್ಲಿ, ಎಂದರೆ ಸುಮಾರು ಮೂವತ್ತು ನಲವತ್ತು ವರ್ಷಗಳಲ್ಲಿ, ಅದು ಶೇಕಡಾ 23ನ್ನು ಮುಟ್ಟುತ್ತದೆ. ಒಡಹುಟ್ಟಿದ ಎರಡು ಪ್ರಾಣಿಗಳು ಕೂಡಿದರೆ ಹುಟ್ಟುವ ಮರಿಯಲ್ಲಿ ಇದು ಶೇಕಡಾ 25. ಮುಚ್ಚಿದ ಮಂದೆ ತಿಳಿಯದೆಯೇ ಹೆಚ್ಚು ಕಡಿಮೆ ಅದೇ ಸ್ಥಿತಿಗೆ ಬಂದು ನಿಲ್ಲುತ್ತದೆ.

ಇಂಥ ಹತ್ತು ಮಂದೆಗಳ ಕುರಿಗಾರರು ಸಂತೆ ಜಾತ್ರೆಗಳಲ್ಲಿ ಕಲೆತು ಟಗರುಗಳನ್ನು ಧಾರಾಳವಾಗಿ ಬದಲಾಯಿಸಿಕೊಂಡರೆ ಏನಾಗುತ್ತದೆ? ಹತ್ತು ಮಂದೆಗಳೂ ಸೇರಿ ಒಂದೇ ದೊಡ್ಡ ಮಂದೆಯಂತಾಗುತ್ತವೆ: 50 ಟಗರು, 2,000 ಕುರಿ. ಪರಿಣಾಮಕಾರಿ ಸಂಖ್ಯೆ 195ಕ್ಕೆ ಏರುತ್ತದೆ. ಅಂತಃಪ್ರಜನನ ತಲೆಮಾರಿಗೆ ಶೇಕಡಾ 0.26ಕ್ಕೆ ಇಳಿಯುತ್ತದೆ, ಹತ್ತು ತಲೆಮಾರುಗಳ ಬಳಿಕವೂ ಸುಮಾರು ಶೇಕಡಾ ಎರಡೂವರೆಯಷ್ಟೇ ಆಗಿರುತ್ತದೆ. ಇದು ಪೂರ್ಣ ಮಿಶ್ರಣವನ್ನು ಊಹಿಸಿ ಮಾಡಿದ ಲೆಕ್ಕ. ನಿಜಜೀವನದಲ್ಲಿ ಮಿಶ್ರಣ ಇಷ್ಟು ಸಮನಾಗಿರದು. ಆದರೆ ಒಂದೊಂದು ತಲೆಮಾರಿಗೆ ಹೊರಗಿನ ಒಂದೆರಡು ಟಗರು ಬಂದರೂ ಮಂದೆಗಳು ಒಂದರಿಂದೊಂದು ತೀರ ದೂರ ಸರಿಯುವುದು ತಪ್ಪುತ್ತದೆ. ಒಂದು ಟಗರನ್ನು ಹಗ್ಗ ಹಿಡಿದು ಜಾತ್ರೆಯಿಂದ ಮನೆಗೆ ನಡೆಸಿಕೊಂಡು ಬರುವ ಕುರಿಗಾರ, ತನಗೆ ತಿಳಿಯದೆಯೇ, ಇಡಿಯ ತಳಿಯನ್ನು ಒಂದಾಗಿ ಹೊಲಿಯುವ ದಾರವನ್ನು ಕೈಯಲ್ಲಿ ಹಿಡಿದಿರುತ್ತಾನೆ.

ಕೂಟದ ಅಪಾಯ

ಗುಣಗಳು ಕಲೆಯುವ ಸ್ಥಳದಲ್ಲೇ ರೋಗಾಣುಗಳೂ ಕಲೆಯುತ್ತವೆ. ಹತ್ತಾರು ತಾಲ್ಲೂಕುಗಳ ಪ್ರಾಣಿಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿದು, ಮೈಗೆ ಮೈ ತಾಗಿಸಿ ನಿಂತಾಗ ಸೋಂಕಿಗೆ ಅದಕ್ಕಿಂತ ಅನುಕೂಲವಾದ ಸಂದರ್ಭವಿಲ್ಲ. ಇಲ್ಲಿ ನೆನಪಿಡಬೇಕಾದುದು ಕಾಲದ ಲೆಕ್ಕ. ಕಾಲುಬಾಯಿ ರೋಗದ ಸೋಂಕು ತಗಲಿದ ಬಳಿಕ ಲಕ್ಷಣಗಳು ಕಾಣಿಸಲು 2ರಿಂದ 14 ದಿನಗಳು ಬೇಕು. ಜಾತ್ರೆಯ ಮೂರನೆಯ ದಿನ ಸೋಂಕು ತಗಲಿದ ಎತ್ತು ಐದನೆಯ ದಿನ ಆರೋಗ್ಯವಾಗಿಯೇ ಕಾಣುತ್ತ ಹೊಸ ಯಜಮಾನನೊಡನೆ ಹೊರಡಬಹುದು. ಬಾಯಲ್ಲಿ ಜೊಲ್ಲು, ಗೊರಸಿನ ಸಂದಿನಲ್ಲಿ ಹುಣ್ಣು ಕಾಣಿಸಿಕೊಳ್ಳುವುದು ಮನೆಯ ಕೊಟ್ಟಿಗೆಯಲ್ಲಿ, ಊರಿನ ದನಗಳ ನಡುವೆ. ಹೀಗೆ ಒಂದು ಬಯಲಿನಲ್ಲಿ ಹೊತ್ತಿದ ಕಿಡಿ ವಾರದೊಳಗೆ ನೂರು ಊರುಗಳಲ್ಲಿ ಬೆಂಕಿಯಾಗುತ್ತದೆ.

ನಮ್ಮ ಹಿರಿಯರು ದೊಡ್ಡರೋಗವೆಂದು ಹೆಸರಿಟ್ಟು ನಡುಗುತ್ತಿದ್ದ ದನಗಳ ಪಿಡುಗು ಇಂಥ ಸಂಚಾರದಿಂದಲೇ ಹರಡುತ್ತಿತ್ತು. ಅದನ್ನು ಎದುರಿಸಲು ಭಾರತದಲ್ಲಿ 1889ರಲ್ಲಿ ಪುಣೆಯಲ್ಲಿ ಸಂಶೋಧನಾಲಯವೊಂದು ಸ್ಥಾಪಿತವಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ವರ್ಗವಾಯಿತು. ದೀರ್ಘಕಾಲದ ಲಸಿಕೆಯ ಕಾರ್ಯದ ಫಲವಾಗಿ ಭಾರತ 2006ರಲ್ಲಿ ಈ ರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಭೂಮಂಡಲದಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮಾನವನು ಪೂರ್ತಿಯಾಗಿ ಅಳಿಸಿಹಾಕಿದ ಎರಡನೆಯ ರೋಗ ಇದು.

ಆದರೆ ಹೊಸ ರೋಗಗಳು ಬರುತ್ತಲೇ ಇರುತ್ತವೆ. ಚರ್ಮಗಂಟು ರೋಗ ಭಾರತದಲ್ಲಿ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹರಡುತ್ತವೆ. 2022ರಲ್ಲಿ ಅದು ದೇಶದ ಹಲವು ರಾಜ್ಯಗಳಲ್ಲಿ ವ್ಯಾಪಿಸಿ ದನಗಳನ್ನು ಬಲಿ ತೆಗೆದುಕೊಂಡಾಗ, ಕರ್ನಾಟಕದಲ್ಲೂ ದನಗಳ ಸಂತೆ ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಕುರಿ ಆಡುಗಳಿಗೆ ಹಿರೇಬೇನೆ, ಕುರಿಸಿಡುಬು, ಮಳೆಗಾಲದ ನೀಲಿನಾಲಿಗೆ ರೋಗಗಳ ಭಯವಿದೆ.

ಹಾಗಾದರೆ ಜಾತ್ರೆಗಳನ್ನೇ ನಿಲ್ಲಿಸಿಬಿಡಬೇಕೆ? ರೋಗ ಹಬ್ಬಿರುವಾಗ ನಿಲ್ಲಿಸಲೇಬೇಕು. ಉಳಿದ ಕಾಲಕ್ಕೆ ಉಪಾಯ ಬೇರೆ ಇದೆ. ಒಂದು ರೋಗದ ಪ್ರಾಣಿ ಸರಾಸರಿ ನಾಲ್ಕು ಪ್ರಾಣಿಗಳಿಗೆ ಸೋಂಕನ್ನು ಹರಡುವುದೆಂದು ಊಹಿಸೋಣ. ನಾಲ್ಕರಲ್ಲಿ ಮೂರು ಪ್ರಾಣಿಗಳಿಗೆ ರೋಗನಿರೋಧ ಶಕ್ತಿಯಿದ್ದರೆ, ಸೋಂಕು ಒಂದರಿಂದ ಒಂದಕ್ಕೆ ಮಾತ್ರ ದಾಟೀತು; ಅದಕ್ಕಿಂತ ಹೆಚ್ಚು ಪ್ರಾಣಿಗಳಿಗೆ ಶಕ್ತಿಯಿದ್ದರೆ ರೋಗ ತಾನಾಗಿ ಆರಿಹೋಗುತ್ತದೆ. ಆದುದರಿಂದ ಜಾತ್ರೆಗೆ ಬರುವ ಪ್ರಾಣಿಗಳಲ್ಲಿ ಬಹುಪಾಲಿಗೆ ಲಸಿಕೆಯಾಗಿದ್ದರೆ ಕೂಟವೂ ಉಳಿಯುತ್ತದೆ, ಪ್ರಾಣಿಗಳೂ ಉಳಿಯುತ್ತವೆ. ಲಸಿಕೆಯ ಶಕ್ತಿ ಮೈಯಲ್ಲಿ ಮೂಡಲು ಎರಡು ಮೂರು ವಾರ ಹಿಡಿಯುವುದರಿಂದ ಅದನ್ನು ಜಾತ್ರೆಯ ಬಯಲಿನಲ್ಲಿ ಚುಚ್ಚಿಸಿ ಪ್ರಯೋಜನವಿಲ್ಲ. ತಿಂಗಳ ಮೊದಲೇ ಊರಿನಲ್ಲಿ ಚುಚ್ಚಿಸಿರಬೇಕು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಯೋಜನೆಯಲ್ಲಿ ಕಾಲುಬಾಯಿ ರೋಗದ ಲಸಿಕೆಯನ್ನು ದನಗಳಿಗೆ ವರ್ಷಕ್ಕೆ ಎರಡು ಬಾರಿ ಉಚಿತವಾಗಿ ಕೊಡುವ ಏರ್ಪಾಟಿದೆ. ಹೊಸದಾಗಿ ತಂದ ಪ್ರಾಣಿಯನ್ನು ಎರಡು ವಾರಗಳಾದರೂ ಬೇರೆ ಕಟ್ಟಿ ನೋಡುವುದು ಖರ್ಚಿಲ್ಲದ ಎರಡನೆಯ ಉಪಾಯ.

ತಕ್ಕಡಿ ಕಳೆದುಹೋದರೆ

ಜಾತ್ರೆಗೆ ಇಂದು ರೋಗಕ್ಕಿಂತ ದೊಡ್ಡ ಕಂಟಕ ಬೇರೆ ಇದೆ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣವಾದ ಮೇಲೆ ಎಡದಂಡೆಯ ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಭತ್ತ ಬಂದಿತು. ಬರಪೀಡಿತ ಸೀಮೆಗೆ ಇದು ದೊಡ್ಡ ಭಾಗ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರೊಡನೆ ಬೇರೆ ಬದಲಾವಣೆಗಳೂ ಬಂದವು. ಜೋಳದ ಕಣಿಕೆ ನೀರಾವರಿಯ ಹೊಲಗಳಲ್ಲಿ ಕಡಿಮೆಯಾಯಿತು. ಬೆಳೆ ಕೊಯ್ದ ಹೊಲದಲ್ಲಿ ಮಂದೆಯನ್ನು ನಿಲ್ಲಿಸಿ, ಗೊಬ್ಬರ ಕೊಟ್ಟು ಮೇವು ಪಡೆಯುತ್ತಿದ್ದ ಕುರಿಗಾರನಿಗೆ, ವರ್ಷಕ್ಕೆ ಎರಡು ಬೆಳೆ ತೆಗೆಯುವ ಗದ್ದೆಯಲ್ಲಿ ಕಾಲಿಡಲು ಬಿಡುವೇ ಇಲ್ಲವಾಯಿತು. ಉಳುವ ಕೆಲಸವನ್ನು ಟ್ರ್ಯಾಕ್ಟರ್ ವಹಿಸಿಕೊಂಡಿತು.

ಟ್ರ್ಯಾಕ್ಟರ್ ಬಂದುದರಿಂದ ಎತ್ತಿಗೆ ಬೆಲೆ ತಪ್ಪಿತು. ಎತ್ತಿಗೆ ಬೆಲೆ ತಪ್ಪಿದ್ದರಿಂದ ಒಳ್ಳೆಯ ಹೋರಿಯನ್ನು ಸಾಕುವವನಿಗೆ ಪ್ರತಿಫಲ ತಪ್ಪಿತು. ನಾವು ಮೇಲೆ ಹೇಳಿದ ಸಾಕ್ಷಿಯೇ ಹೀಗೆ ಇಲ್ಲವಾಗುತ್ತದೆ. ಬಲಿಷ್ಠ ಎತ್ತಿಗಾಗಿಯೇ ರೂಪುಗೊಂಡಿದ್ದ ಕೃಷ್ಣಾ ಕಣಿವೆಯ ತಳಿ ಇಂದು ತೀರ ವಿರಳವಾಗಿ, ಸಂರಕ್ಷಿಸಬೇಕಾದ ತಳಿಗಳ ಸಾಲಿಗೆ ಸೇರಿದೆ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ 19 ಕೋಟಿಗೂ ಹೆಚ್ಚು ದನಗಳಿದ್ದವು. ಆದರೆ ದೇಸಿ ದನಗಳ ಸಂಖ್ಯೆ 2012ಕ್ಕಿಂತ ಶೇಕಡಾ 6ರಷ್ಟು ಇಳಿದಿತ್ತು. ಕುರಿಗಳ ಕಥೆ ಬೇರೆ. ಅವುಗಳ ಸಂಖ್ಯೆ ಅದೇ ಅವಧಿಯಲ್ಲಿ ಶೇಕಡಾ 14ರಷ್ಟು ಏರಿ ಏಳು ಕೋಟಿಯನ್ನು ದಾಟಿತು. ಒಂದು ಕೋಟಿ ಹತ್ತು ಲಕ್ಷದಷ್ಟು ಕುರಿಗಳಿದ್ದ ಕರ್ನಾಟಕ ದೇಶದಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಕುರಿ ಹೆಚ್ಚುತ್ತಿದೆ, ಹುಲ್ಲುಬಯಲು ಕುಗ್ಗುತ್ತಿದೆ. 30 ಕಿಲೋಗ್ರಾಂ ತೂಗುವ ಕುರಿಗೆ ದಿನಕ್ಕೆ ಒಂದು ಕಿಲೋಗ್ರಾಂನಷ್ಟು ಒಣಮೇವು ಬೇಕೆಂದರೆ ನೂರು ಕುರಿಗಳ ಮಂದೆಗೆ ದಿನಕ್ಕೊಂದು ಕ್ವಿಂಟಲ್. ಕೆರೆಯ ಅಂಚು, ಗುಡ್ಡದ ಓರೆ, ಗಾಂವಠಾಣದ ಬಯಲು ಇವುಗಳನ್ನು ಬಿಟ್ಟರೆ ಅದು ಎಲ್ಲಿಂದ ಬರಬೇಕು?

ಕೃತಕ ಗರ್ಭಧಾರಣೆಯಿಂದ ಒಳ್ಳೆಯ ಹೋರಿಯ ಗುಣವನ್ನು ಸಾವಿರಾರು ಹಸುಗಳಿಗೆ ತಲುಪಿಸಬಹುದಲ್ಲ, ಜಾತ್ರೆ ಏಕೆ ಎಂದು ಕೆಲವರು ಕೇಳುತ್ತಾರೆ. ಆ ವಿಧಾನದ ಪ್ರಯೋಜನ ದೊಡ್ಡದು. ಆದರೆ ರೈಟನ ಸೂತ್ರವನ್ನು ಇಲ್ಲಿಯೂ ಇಟ್ಟು ನೋಡಿರಿ. 10 ಹೋರಿಗಳಿಂದ 10,000 ಹಸುಗಳಿಗೆ ಗರ್ಭಧಾರಣೆ ಮಾಡಿಸಿದರೆ ಪರಿಣಾಮಕಾರಿ ಸಂಖ್ಯೆ ಎಷ್ಟು? ಕೇವಲ 40! ಹಸುಗಳನ್ನು ಲಕ್ಷಕ್ಕೆ ಏರಿಸಿದರೂ ಅದು 40ರ ಗಡಿಯನ್ನು ದಾಟದು. ಗಂಡುಗಳ ವೈವಿಧ್ಯವಿಲ್ಲದೆ ತಳಿಗೆ ಆಳವಿಲ್ಲ. ಆ ವೈವಿಧ್ಯ ಉಳಿದಿರುವುದು ಪ್ರಯೋಗಾಲಯದ ದ್ರವಸಾರಜನಕದ ಪಾತ್ರೆಯಲ್ಲಿ ಮಾತ್ರವಲ್ಲ, ಊರೂರಿನ ಕೊಟ್ಟಿಗೆಗಳಲ್ಲಿ. ಅವುಗಳನ್ನು ಒಂದೆಡೆ ಕಾಣಿಸುವ ವೇದಿಕೆಯೇ ಜಾತ್ರೆ.

ಆದುದರಿಂದ ಜಾತ್ರೆಗೆ ಹೊಸ ತಕ್ಕಡಿ ಬೇಕು. ಎತ್ತಿನ ಬೆಲೆ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಹಾಲಿನ ದಾಖಲೆ, ಮರಿಯ ತೂಕದ ದಾಖಲೆ, ಉತ್ತಮ ಹೋರಿ ಟಗರುಗಳಿಗೆ ಕೊಡುವ ಬಹುಮಾನ ಇವು ಮಾಡಬೇಕಾಗಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆವರಣದಲ್ಲಿ 2020ರ ಫೆಬ್ರವರಿಯಲ್ಲಿ ನಡೆದ ಪಶುಮೇಳದಂಥ ಕೂಟಗಳು ಈ ದಿಕ್ಕಿನ ಹೆಜ್ಜೆಗಳು. ಆದರೆ ಮೇಳಕ್ಕೆ ರೈತನು ನೋಡಲು ಹೋಗುತ್ತಾನೆ. ಜಾತ್ರೆಗೆ ತನ್ನ ದನವನ್ನು ಹಿಡಿದುಕೊಂಡೇ ಹೋಗುತ್ತಾನೆ. ಮೇಳದ ಶಾಸ್ತ್ರ ಜಾತ್ರೆಯ ಬಯಲಿಗೆ ಇಳಿದು ಬಂದರೆ ಎರಡೂ ಸಾರ್ಥಕವಾಗುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಓದಿದುದನ್ನು ಕಣ್ಣಾರೆ ನೋಡಿದಾಗಲೇ ಅದು ವಿದ್ಯೆಯಾಗುತ್ತದೆ. ನಿಮ್ಮ ಊರಿಗೆ ಸಮೀಪದ ಜಾತ್ರೆಗೆ ಈ ಬಾರಿ ಒಂದು ಟಿಪ್ಪಣಿಪುಸ್ತಕವನ್ನು ಹಿಡಿದು ಹೋಗಿರಿ. ಇಪ್ಪತ್ತು ಜೋಡಿ ಎತ್ತುಗಳ ಹಲ್ಲಿನ ಎಣಿಕೆಯನ್ನೂ ಯಜಮಾನನು ಹೇಳುವ ವಯಸ್ಸನ್ನೂ ಬರೆದುಕೊಂಡು ಹೋಲಿಸಿರಿ. ಎಷ್ಟು ದೂರದಿಂದ ಬಂದರೆಂದು ಕೇಳಿರಿ. ಊರಿನ ಮೂರು ನಾಲ್ಕು ಮಂದೆಗಳಲ್ಲಿ ಟಗರೆಷ್ಟು, ಕುರಿಯೆಷ್ಟು, ಟಗರು ಎಲ್ಲಿಂದ ಬಂದಿತು ಎಂಬುದನ್ನು ಕುರಿಗಾರರಿಂದ ತಿಳಿದು, ಪರಿಣಾಮಕಾರಿ ಸಂಖ್ಯೆಯನ್ನು ನೀವೇ ಎಣಿಸಿ ಅವರಿಗೆ ತೋರಿಸಿರಿ. ನೀವು ಕಲಿಸುವುದಕ್ಕಿಂತ ಹೆಚ್ಚನ್ನು ಅವರಿಂದ ಕಲಿತು ಬರುವಿರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಬೋನಾಳದ ಕೆರೆಗೆ ಬರುವ ಹಕ್ಕಿಗಳಿಗೆ ತಮ್ಮ ಕೂಟದ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಟ್ಟಿಗೆಯ ದನವೂ ಹಟ್ಟಿಯ ಕುರಿಯೂ ಹಾಗಲ್ಲ. ಅವುಗಳನ್ನು ಒಂದೆಡೆ ಕೂಡಿಸುವ ಹೊಣೆ ಮನುಷ್ಯನದು. ಆ ಕೂಟ ನಿಂತುಹೋದರೆ ಜಾತ್ರೆಯ ಬಯಲಷ್ಟೇ ಬರಿದಾಗುವುದಿಲ್ಲ. ತಲೆಮಾರುಗಳ ಆಯ್ಕೆಯಿಂದ ಕಟ್ಟಿದ ತಳಿಯೂ ಸದ್ದಿಲ್ಲದೆ ಕರಗಿಹೋಗುತ್ತದೆ.